ನಗೆಯ ಮುಕಾದಮ

ಸನಮಡಿ
೧೩ ಏಪ್ರಿಲ್ ೨೦೨೫, ರವಿವಾರ

ನಮ್ಮ ಮನೆತನದಲ್ಲಿ ಮೊದಲ ಸಲ ಬಿಳಿ ಕೋಟು ತೊಟ್ಟ ನನ್ನ ಅಕ್ಕನ ಮಗಳು ಶೀತಲಳಿಗೆ ಮಾಳು ಮಾವನ ಆಶೀರ್ವಾದ. ಇಲ್ಲಿ ಎಲ್ಲರೂ ಆರಾಮ. ಕುರಿ ಆರಾಮ, ನಾಯಿ ಆರಾಮ, ನಿಮ್ಮವ್ವ ಸಾವಿತ್ರವ್ವ ಸಿಟ್ಟಿನಲ್ಲಿ ಆರಾಮ.

ನೀನು ಫೋನಿನಲ್ಲಿ ಬರೆದು ಕಳಿಸಿದ್ದನ್ನು ಓದಿದೆ. “ಮಾವಾ, ಸೋಮವಾರದೊಳಗ ಹೇಳು. ನರ್ಸಿಂಗ್ ಬಿಟ್ಟು ಅಪ್ಪನ ಜಾಗಕ್ಕ ಬರಲ್ಯಾ, ಬ್ಯಾಡಾ? ಅವ್ವ ಬಾ ಅಂತಾಳ. ನೀ ಹೇಳಿದಂಗ ಮಾಡತೀನಿ.” ಇಷ್ಟೇ. ಈ ‘ನೀ ಹೇಳಿದಂಗ’ ಎಂಬ ಮಾತನ್ನು ಶೆಡ್ಡಿನಲ್ಲಿ ಸಿಕ್ಕವರಿಗೆಲ್ಲ ತೋರಿಸಿದೆ. ಮಿರಜಿನಲ್ಲಿ ಎರಡನೆಯ ವರ್ಷ ನರ್ಸಿಂಗ್ ಓದುವ ಹುಡುಗಿ ಸನಮಡಿಯ ಕನ್ನಡ ಸಾಲಿಯಲ್ಲಿ ಏಳನೆಯ ಇಯತ್ತೆ ಪಾಸಾದವನ ಸಲಹೆ ಕೇಳುತ್ತಾಳೆ ಎಂದರೆ, ಆ ಏಳನೆಯ ಇಯತ್ತೆ ಎಂಥಾದ್ದಿರಬೇಕು!

ಫೋನ್ ಮಾಡಿದ್ದರೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು, ಇಷ್ಟುದ್ದ ಕಾಗದ ಯಾಕೆ ಎನ್ನುತ್ತೀ. ಫೋನಿನಲ್ಲಿ ನಿಮ್ಮವ್ವ ಪಕ್ಕದಲ್ಲಿ ಕುಳಿತು ನಾನು ಬಾಯಿ ತೆರೆಯುವ ಮೊದಲೇ ತಾನು ಉತ್ತರ ಕೊಡುತ್ತಾಳೆ. ಇನ್ನೊಂದು, ನೀನು ಈಗೀಗ ಮಾತು ಕೇಳುವುದನ್ನು ಬಿಟ್ಟು ಉಸಿರು ಕೇಳುತ್ತಿ. ಹಿಂದಿನ ಸಲ ಮಾತಿನ ನಡುವೆ “ಮಾವಾ, ಜೋರಂಗ ಉಸುರ ತಗೋ, ನೋಡೂಣು” ಅಂದಿ. ನಾನು ಫೋನ್ ಇಟ್ಟುಬಿಟ್ಟೆ. ರೇಂಜ್ ಹೋಗಿತ್ತು ಎಂದು ಆಮೇಲೆ ಹೇಳಿದೆ. ರೇಂಜ್ ಇತ್ತು.

ನಿನ್ನ ಉತ್ತರ ಈ ಕಾಗದದ ಕಡೆಗೆ ಇದೆ. ಹಾರಿಸಿ ಓದಬೇಡ. ಅಕ್ಷರ ನೋಡು ಎಷ್ಟು ದುಂಡಗಿವೆ. ಅದಕ್ಕಾದರೂ ಸಾಲುಸಾಲಾಗಿ ಓದು.

ಮೊದಲು ಸಂತೋಷದ ಸುದ್ದಿ. ನಿನ್ನ ಮಾವನಿಗೆ ಬಡ್ತಿ ಸಿಕ್ಕಿದೆ. ಸಂಖದ ಹೊರಗೆ ದ್ರಾಕ್ಷಿ ಒಣಗಿಸಿ ಬೇದಾಣಿ ಮಾಡುವ ನಮ್ಮ ಶೆಡ್ಡಿನಲ್ಲಿ ನಾನೀಗ ಬರೀ ಕ್ರೇಟು ಹೊರುವ ಆಳಲ್ಲ. ನಗೆಯ ಮುಕಾದಮ. ಕಬ್ಬು ಕಡಿಯುವ ಟೋಳಿಯನ್ನು ನಡೆಸಲು ಒಬ್ಬ ಮುಕಾದಮ ಇರುತ್ತಾನಲ್ಲ, ಹಾಗೆ ನಗುವ ಟೋಳಿಗೆ ನಾನು. ಬೆಳಿಗ್ಗೆ ಗೇಟು ತೆರೆದ ಕೂಡಲೇ ಎಲ್ಲರೂ ಅಂಗಳದಲ್ಲಿ ಸಾಲಾಗಿ ನಿಲ್ಲಬೇಕು. ದ್ರಾಕ್ಷಿಯನ್ನು ಬಲೆಯ ಮೇಲೆ ಹರಡುವ ಗಂಡಸರು, ಒಣಗಿದ ಬೇದಾಣಿಯ ಕಡ್ಡಿ ಆರಿಸುವ ಹೆಂಗಸರು, ಡಬ್ಬಿಗೆ ತುಂಬುವವರು, ಎಲ್ಲರೂ. ನಾನು ಎದುರಿಗೆ ಕ್ರೇಟಿನ ಮೇಲೆ ನಿಂತು ಎರಡೂ ಕೈ ಮೇಲೆತ್ತುತ್ತೇನೆ. ಕೈ ಎತ್ತಿದ ತಕ್ಷಣ ಎಲ್ಲರೂ ಹಹ್ಹಾ ಹೊಹ್ಹೋ ಎಂದು ನಗಬೇಕು. ಇಳಿಸಿದರೆ ನಿಲ್ಲಿಸಬೇಕು. ಕೆಲಸಗಾರರ ಮನಸ್ಸು ಹಗುರಾದರೆ ಆರೋಗ್ಯ ಚಲೋ ಇರುತ್ತದಂತೆ.

ಇದನ್ನು ಕಲಿಸಲು ಪುಣೆಯಿಂದ ಕರಿಷ್ಮಾ ಮೇಡಂ ಎಂಬವರು ಬಂದಿದ್ದರು. ಚಲೋ ಹೆಣ್ಣುಮಗಳು, ಸುಳ್ಳು ಯಾಕೆ ಹೇಳಲಿ. ನಿಮ್ಮಪ್ಪ ತೀರಿಕೊಂಡ ಮೇಲೆ ಕೆಲಸಗಾರರು ಹೆದರಿದ್ದಾರೆ, ಏನಾದರೂ ಮಾಡಿ ಎಂದು ಶೆಡ್ಡಿನ ಮಾಲಕ ಶೇಠ ಈ ಮೇಡಂರನ್ನು ಕರೆಸಿದ್ದ. ನಿಮ್ಮಲ್ಲಿ ಮಂದಿಯನ್ನು ನಗಿಸುವವರು ಯಾರು ಎಂದು ಅವರು ಕೇಳಿದ್ದೇ ತಡ, ಇಡೀ ಶೆಡ್ಡು ನನ್ನ ಕಡೆ ಬೆರಳು ಮಾಡಿತು. ನಾನೇನು ಮಾಡಲಿ? ಅಪ್ಪರ್ ತಹಶೀಲ ಕಚೇರಿಯ ಕಾರಕೂನ ನಾಳೆ ಬಾ ಎನ್ನುವಾಗ ನಗುವ ನಗು, ಬೀಗರು ಊಟಕ್ಕೆ ಕರೆಯದೆ ಬಂದಾಗ ನಗುವ ನಗು, ಟಗರು ಮೆಣಸಿನಕಾಯಿ ತಿಂದಾಗ ನಗುವ ನಗು, ಮೂರನ್ನೂ ನಿಂತಲ್ಲೇ ಮಾಡಿ ತೋರಿಸಿದೆ. ಮೇಡಂ ಹೊಟ್ಟೆ ಹಿಡಿದುಕೊಂಡು ಕುಳಿತುಬಿಟ್ಟರು. ಅಂಥ ನಗು ಪುಣೆಯಲ್ಲಿ ಎಲ್ಲಿ ಸಿಗಬೇಕು?

ಕಡ್ಡಿ ಆರಿಸುವ ಹೆಂಗಸರಲ್ಲಿ ಶಿವಲಿಂಗವ್ವ ಒಬ್ಬಳು ಮಾತ್ರ ಕೈ ಎತ್ತಿದರೂ ನಗುವುದಿಲ್ಲ. ಮೊದಲನೆಯ ದಿನವೇ ಸಾಲಿನಿಂದ ಕೂಗಿದಳು. “ಏ ಮಾಳಣ್ಣ, ನಗೂದಕ್ಕ ಪಗಾರ ಕೊಡತಾರಂತ. ಅಳೂದಕ್ಕ ಎಷ್ಟ ಕೊಡತಾರ ಕೇಳಲ್ಲ!”

“ಅದಕ್ಕ ಓವರ್‌ಟೈಮ್ ಬೇಕಾಗತೈತಿ ಶಿವಲಿಂಗವ್ವ, ಶೇಠಗ ಪರವಡಂಗಿಲ್ಲ” ಅಂದೆ. ಎಲ್ಲರೂ ನಕ್ಕರು. ಅವಳು ನನ್ನನ್ನೇ ನೋಡುತ್ತಾ ನಿಂತಿದ್ದಳು.

ಒಂದು ಮಾತು ನಿನಗೆ ಮಾತ್ರ ಬರೆಯುತ್ತೇನೆ, ನೀನು ಆಸ್ಪತ್ರೆಯವಳು ಎಂದು. ನಿಮ್ಮಪ್ಪನಿಗೆ ಮಣ್ಣು ಕೊಟ್ಟು ಬಂದ ದಿನ ನಾನು ಹೊಟ್ಟೆ ತುಂಬ ಉಂಡೆ. ಚಲೋ ನಿದ್ದೆ ಮಾಡಿದೆ. ಮರುದಿನ ಕೆಲಸಕ್ಕೆ ಹೋದೆ. ಸಮಾಧಾನ ಹೇಳಲು ಬಂದವರಿಗೆ ನಾನೇ ಚೇಷ್ಟೆ ಮಾಡಿ ಕಳಿಸಿದೆ. ಮೂರನೆಯ ದಿನದ ಕಾರ್ಯಕ್ಕೆ ಎಲ್ಲರೂ ಅಳುತ್ತಿದ್ದರೆ ನಾನು ಗುಡಿಯ ಕಟ್ಟೆಯ ಕಲ್ಲುಗಳ ನಡುವೆ ಇರುವೆ ಹೋಗುವುದನ್ನು ನೋಡುತ್ತಾ ಕುಳಿತಿದ್ದೆ. ನಿಮ್ಮವ್ವ ಎಲ್ಲರ ಮುಂದೆ ಅಂದಳು. “ಮಾಳ್ಯಾ, ನಿನ್ನ ಎದಿಯೊಳಗ ಏನ ಐತೋ? ಬಡದರ ಸಪ್ಪಳರ ಬರತೈತಿಲ್ಲೊ?” ನನಗೆ ಸಿಟ್ಟೂ ಬರಲಿಲ್ಲ. ಯಾರೋ ಪಕ್ಕದ ಮನೆಯವರಿಗೆ ಬೈದಂತೆ ಕೇಳಿಸಿತು. ಯುಗಾದಿಗೆ ಹೋಳಿಗೆ ಮಾಡಿದ್ದರು, ತಿಂದೆ. ನಮ್ಮ ಹಿರಿಯ ಟಗರು ಸತ್ತಿತು, ಎಳೆದು ಹಾಕಿದೆ. ಬೆಳಿಗ್ಗೆ ಕೈ ಎತ್ತುತ್ತೇನೆ, ನನ್ನ ಬಾಯಿಯಿಂದ ಎಲ್ಲರಿಗಿಂತ ಜೋರಾದ ನಗು ಬರುತ್ತದೆ. ಕೈ ಇಳಿಸುತ್ತೇನೆ, ನಿಲ್ಲುತ್ತದೆ. ನಿಮ್ಮ ಪುಸ್ತಕದಲ್ಲಿ ಇದಕ್ಕೆ ಏನಾದರೂ ಹೆಸರಿದ್ದರೆ ಇರಲಿ. ನನಗೆ ತಿಳಿಸಬೇಡ.

ಈಗ ನಿಮ್ಮಪ್ಪನ ವಿಷಯ. ನೀನು ಮಣ್ಣಿಗೆ ಬಂದಾಗ ಯಾರೂ ನಿನಗೆ ಸರಿಯಾಗಿ ಹೇಳಲಿಲ್ಲ. ದಮ್ಮು ಇತ್ತು, ಬೀಡಿ ಸೇದುತ್ತಿದ್ದ, ಹಣೆಬರಹ ಎಂದು ಒಬ್ಬೊಬ್ಬರು ಒಂದೊಂದು ಅಂದರು. ನಿಮ್ಮಪ್ಪ ಅಮೋಗಸಿದ್ದ ಬೀಡಿ ಸೇದುತ್ತಿದ್ದ, ಖರೆ. ಅಪ್ಪನ ಜಾಗಕ್ಕೆ ಬರಲೋ ಎಂದು ಕೇಳುವವಳಿಗೆ ಅಪ್ಪನ ಜಾಗ ಯಾವುದು ಎಂದು ಗೊತ್ತಿರಬೇಕು.

ಬೇದಾಣಿ ಬಂಗಾರದ ಬಣ್ಣಕ್ಕೆ ಬರಲೆಂದು ಅದನ್ನು ಒಂದು ಕೋಣೆಯಲ್ಲಿಟ್ಟು, ಕಬ್ಬಿಣದ ಬುಟ್ಟಿಯಲ್ಲಿ ಗಂಧಕ ಸುಟ್ಟು, ಬಾಗಿಲು ಮುಚ್ಚಿ ಹೊಗೆ ಕೊಡುತ್ತಾರೆ. ಕಪ್ಪು ಬೇದಾಣಿಗೆ ದರ ಇಲ್ಲ, ಹಳದಿಗೆ ಇದೆ. ಬೆಳಗಾದ ಮೇಲೆ ಬಾಗಿಲು ತೆರೆದು, ಪಂಖಾ ಹಚ್ಚಿ, ಬಿಸಿಲು ನೆತ್ತಿಗೆ ಬರುವವರೆಗೆ ಯಾರೂ ಒಳಗೆ ಹೋಗಬಾರದು. ಕೋಣೆಯ ಕೀಲಿ ನಿಮ್ಮಪ್ಪನ ಕೈಯಲ್ಲಿತ್ತು. ಹೊಗೆ ಹೊರಗೆಳೆಯುವ ಆ ಪಂಖಾ ಸಂಕ್ರಾಂತಿಯ ಹೊತ್ತಿಗೆ ಸುಟ್ಟಿತು. ರಿಪೇರಿಗೆ ಹೋಯಿತು, ಹೋದದ್ದು ಬರಲಿಲ್ಲ. ಹಂಗಾಮು ಜೋರಾಯಿತು. ಹೊರಗೆ ಹಸಿ ದ್ರಾಕ್ಷಿಯ ಟೆಂಪೋಗಳು ಸಾಲು ನಿಂತವು. ನಮ್ಮ ಮ್ಯಾನೇಜರ್ ಪ್ರಥಮೇಶ ಸಾಹೇಬನಿಗೆ ಕನ್ನಡದಲ್ಲಿ ಬರುವುದು ಒಂದೇ ಶಬ್ದ, ಅವಸರ ಮಾಡುವ ‘ಲಗೂನ’. ಉಳಿದದ್ದನ್ನು ಅವನು ಮರಾಠಿಯಲ್ಲಿ ಆಡುತ್ತಾನೆ, ನಾನು ಇಲ್ಲಿ ಕನ್ನಡ ಮಾಡಿ ಬರೆಯುತ್ತೇನೆ. ಲಗೂನ ಲಗೂನ ಎನ್ನುತ್ತಾ ಬಾಗಿಲು ತೆರೆದ ಸ್ವಲ್ಪ ಹೊತ್ತಿಗೇ ಒಳಗೆ ಹೋಗುವ ರೂಢಿ ಬಿತ್ತು.

ಮಾಸ್ಕು ಕೊಟ್ಟಿರಲಿಲ್ಲವೇ ಎಂದು ಆವತ್ತು ಕೇಳಿದ್ದಿ. ಕೊಟ್ಟಿದ್ದರು. ಮಿರಜಿನಲ್ಲಿ ನೀವು ಕಟ್ಟಿಕೊಳ್ಳುವ ಆ ತೆಳ್ಳನೆಯ ನೀಲಿಯದು. ನಿಮ್ಮಪ್ಪ ಅದನ್ನು ಮುಟ್ಟಲಿಲ್ಲ. “ರಾಶಿ ಮಾಡೂ ಎತ್ತಿಗಿ ಬಾಯಿಕುಕ್ಕಿ ಕಟ್ಟತಾರ. ನಾ ಏನ ಬೇದಾಣಿಗಿ ಬಾಯಿ ಹಾಕತೀನಿ ಅಂತ ಇದನ್ನ ಕಟ್ಟತೀರೇನ್ರಿ?” ಎಂದು ಸಾಹೇಬನಿಗೇ ಕೇಳಿದ. ಕಂಬಳಿಯನ್ನು ನೀರಲ್ಲಿ ಅದ್ದಿ, ಹಿಂಡಿ, ತಲೆಯ ಮೇಲಿಂದ ಬಾಯಿ ಮೂಗು ಮುಚ್ಚುವ ಹಾಗೆ ಹೊದ್ದುಕೊಂಡು ಒಳಗೆ ಹೋಗುತ್ತಿದ್ದ. ನಮಗೆಲ್ಲ ಅದೇ ಸರಿ ಅನಿಸಿತು. ಮಳೆ ಬಂದರೆ ಕಂಬಳಿ, ಬಿಸಿಲಿಗೆ ಕಂಬಳಿ, ಹಾವು ಕಂಡರೆ ಮೇಲೆ ಒಗೆಯಲು ಕಂಬಳಿ, ದೇವರು ಕೂಡ್ರಲು ಕಂಬಳಿ. ಅದನ್ನು ಮುಟ್ಟಿ ಆಣೆ ಮಾಡುವ ಮಂದಿ ನಾವು. ಹೊಗೆಗೆ ಅದು ಆಗುವುದಿಲ್ಲ ಎಂದು ನಮ್ಮ ಪೈಕಿ ಯಾರಿಗೆ ಹೊಳೆಯಬೇಕು? ಸಾಹೇಬನಿಗೂ ಹಿಡಿಸಿತು. ನಿಮ್ಮಪ್ಪನ ಫೋಟೋ ತೆಗೆದು, ನಮ್ಮ ಕೆಲಸಗಾರರು ತಾವೇ ಕಂಡುಹಿಡಿದ ಉಪಾಯ ಎಂದು ಕೆಳಗೆ ಬರೆದು, ಆಫೀಸಿನ ಬೋರ್ಡಿಗೆ ಅಂಟಿಸಿದ. ನಿಮ್ಮಪ್ಪ ಬುತ್ತಿ ಬಿಚ್ಚುವಾಗ ಆ ಬೋರ್ಡು ಕಾಣುವ ಹಾಗೆ ಕೂಡ್ರುತ್ತಿದ್ದ.

ಒದ್ದೆ ಉಣ್ಣೆ ಗಂಧಕದ ಹೊಗೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ನೀರಿಗೆ ಆ ಹೊಗೆ ಕೂಡಿದರೆ ಸುಡುವ ನೀರಾಗುತ್ತದೆ, ಅದನ್ನೇ ಅಪ್ಪ ಉಸಿರಾಡಿದ ಎಂದು ನೀನು ಮಣ್ಣಿನ ದಿನ ಹೇಳಿದಿ. ಆಗ ಎಲ್ಲರೂ ನಿನ್ನನ್ನು ಸುಮ್ಮನಿರಿಸಿದರು. ಹೋಳಿಯ ಮರುದಿನ ನಾನು ಒಳಗೆ ಹೋಗಿ ಅವನನ್ನು ಹೊತ್ತು ತಂದಾಗಲೂ ಆ ಕಂಬಳಿ ಅವನ ಬಾಯಿಯ ಮೇಲೆ ಬಿಗಿಯಾಗಿತ್ತು. ತೆಗೆಯಲು ಹೋದರೆ ಕೈಯಿಂದ ಹಿಡಿದುಕೊಂಡ. ಆ ಬಾಗಿಲಲ್ಲಿಯೇ ಪ್ರಾಣ ಹೋಯಿತು. ಇಷ್ಟೇ ಆಗಿದ್ದು. ಮರುದಿನ ಬೋರ್ಡಿನ ಮೇಲೆ ಫೋಟೋ ಇರಲಿಲ್ಲ. ಅಂಟು ಪಟ್ಟಿಯ ಗುರುತು ನಾಲ್ಕು ಮೂಲೆಗೆ ಇನ್ನೂ ಇದೆ. ಈಗ ಅದರ ಮೇಲೆ ನಗುವ ಸೂರ್ಯನ ಚಿತ್ರ ಹಚ್ಚಿದ್ದಾರೆ, ಸ್ವಲ್ಪ ಸಣ್ಣದಾಗಿದೆ.

ಮಂಗಳವಾರ ಶೆಡ್ಡಿಗೆ ದೊಡ್ಡ ಮಂದಿ ಬಂದರು. ನಮ್ಮ ಬೇದಾಣಿ ಕೊಳ್ಳುವ ಕಂಪನಿಯವರು, ಮುಂಬಯಿಯಿಂದ. ಕೆಲಸಗಾರರು ಆರೋಗ್ಯವಾಗಿದ್ದಾರೋ ಇಲ್ಲವೋ ನೋಡಿಯೇ ಅವರು ಮಾಲು ತೆಗೆದುಕೊಳ್ಳುವುದಂತೆ. ಕುಡಿಯುವ ನೀರಿಗೆ ಹೊಸ ಟಾಕಿ ಬಂತು. ಹೆಂಗಸರ ಸಂಡಾಸಿಗೆ ಕಡೆಗೂ ಚಿಲಕ ಬಂತು. ಗಂಧಕದ ಕೋಣೆಗೆ ಬೀಗ ಬಿತ್ತು, ಅದರ ಮುಂದೆ ತುಳಸಿಯ ಕುಂಡ ಬಂತು. ಸಾಹೇಬ ನನ್ನನ್ನು ಕರೆದು, ಇವತ್ತು ಜೋರಾಗಬೇಕು ಮಾಳು, ನಿನ್ನ ಮೇಲೆಯೇ ಎಲ್ಲ ಎಂದ. ನನ್ನ ಮೇಲೆಯೇ ಎಲ್ಲ! ಇಷ್ಟು ವರ್ಷದಲ್ಲಿ ಯಾರಾದರೂ ನನಗೆ ಹಾಗೆ ಅಂದಿದ್ದರೇನು?

ನಗು ಜೋರಾಗಿಯೇ ಆಯಿತು. ಬಂದವರು ಚಪ್ಪಾಳೆ ತಟ್ಟಿದರು. ಅವರಲ್ಲಿ ಒಬ್ಬ ಬಿಳಿ ಕೂದಲಿನ ಯಜಮಾನರು ಮುಂದೆ ಬಂದು, ಮರಾಠಿಯಲ್ಲಿಯೇ, ಭಾಳ ಮರ್ಯಾದೆಯಿಂದ ಕೇಳಿದರು: ಮುಕಾದಮ್, ನಿಮ್ಮ ಕೆಲಸಗಾರರು ಇನ್ನೂ ಸುಖವಾಗಿರಲು ಏನು ಬೇಕು?

ಶೀತಲಾ, ನಾನು ಏನೂ ಯೋಚಿಸಿರಲಿಲ್ಲ. ನೆಟ್ಟಗೆ ಆಡಿದರೆ ಮಾತು ಹೊರಗೆ ಬರಬಹುದು ಅನಿಸಿತು, ಅಷ್ಟೇ. ಕ್ರೇಟಿನ ಮೇಲೆ ನಿಂತೇ ಮರಾಠಿಯಲ್ಲಿ ಅಂದೆ, ಯಜಮಾನರೇ, ಆ ತುಳಸಿ ಕುಂಡ ಸರಿಸಿ, ಆ ಬೀಗ ತೆಗೆಸಿ, ನಮ್ಮ ಸಾಹೇಬರನ್ನು ಒಳಗೆ ನಿಲ್ಲಿಸಿ ಒಂದು ಸಲ ಹಾ ಎಂದು ನಗಿಸಿರಿ. ನಮ್ಮ ಅಕ್ಕನ ಗಂಡ ಅಲ್ಲಿಯೇ ಸತ್ತ.

ಇಷ್ಟು ಹೇಳುವಾಗ ಯಾವ ಕೋಣೆ ಎಂದು ತೋರಿಸಲು ಕೈ ಎತ್ತಿದೆ. ಒಂದಲ್ಲ, ಎರಡೂ ಎತ್ತಿದೆ. ದಿನಾ ಎತ್ತಿ ಎತ್ತಿ ನನ್ನ ಕೈಗೆ ಒಂದೇ ಎತ್ತುವುದು ಮರೆತಿದೆ.

ಇಡೀ ಸಾಲು ಹಹ್ಹಾ ಹೊಹ್ಹೋ ಎಂದು ನಕ್ಕಿತು.

ಅವರದೇನೂ ತಪ್ಪಿಲ್ಲ. ನಾನೇ ಕಲಿಸಿದ್ದು. ಹಿಂದಿನ ಸಾಲಿನವರಿಗೆ ನನ್ನ ಮಾತು ಕೇಳಿಸಿರಲೂ ಇಲ್ಲ, ಕೈ ಮಾತ್ರ ಕಂಡಿತ್ತು. ಮಂದಿ ನಗುವುದನ್ನು ನೋಡಿ ಮುಂಬಯಿಯವರೂ ನಕ್ಕರು. ಸಾಹೇಬ ಎಲ್ಲರಿಗಿಂತ ಮೊದಲು ನಕ್ಕಿದ್ದ. ಬಿಳಿ ಕೂದಲಿನವರು ನನ್ನ ಭುಜ ತಟ್ಟಿ, ನಿಮ್ಮ ಮ್ಯಾನೇಜರನ್ನೂ ಬಿಡುವುದಿಲ್ಲವಲ್ಲ ನೀವು ಎಂದರು. ನಾನು ಕೈ ಇಳಿಸಿದೆ. ನಗು ನಿಂತಿತು. ಕೈ ಇಳಿಸಿದರೆ ಎಷ್ಟು ಚೊಕ್ಕ ನಿಲ್ಲುತ್ತದೆ ಎಂದು ಅದಕ್ಕೂ ಅವರು ಚಪ್ಪಾಳೆ ತಟ್ಟಿದರು.

ಆಮೇಲೆ ಶಿವಲಿಂಗವ್ವ ನೀರಿನ ಟಾಕಿಯ ಹತ್ತಿರ ಬಂದಳು. “ನಾ ಕೇಳಿಸಿಕೊಂಡೆ ಮಾಳಣ್ಣ” ಅಂದಳು. “ಕೇಳಿಸಿಕೊಂಡು ಏನ ಮಾಡದಿ?” ಅಂದೆ. “ಏನೂ ಮಾಡಲಿಲ್ಲ. ನಕ್ಕೇನಿ. ಇವತ್ತ ಒಂದ ದಿನ ನಾನೂ ನಕ್ಕಬಿಟ್ಟೆ, ನನ್ನ ಬಾಯಾಗ ಮಣ್ಣ ಹಾಕಲಿ” ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ನನಗೆ ಆಗಲೂ ಏನೂ ಅನಿಸಲಿಲ್ಲ. ಟಾಕಿಯ ನೀರು ತಣ್ಣಗಿದೆಯೋ ನೋಡಿದೆ. ತಣ್ಣಗಿತ್ತು.

ಬುಧವಾರ ಸಾಹೇಬ ನಿಮ್ಮವ್ವನಿಗೆ ಫೋನ್ ಮಾಡಿದ. ಅಮೋಗಸಿದ್ದನ ಜಾಗ ಖಾಲಿ ಇದೆ, ನಿಮ್ಮ ಮಗಳನ್ನು ತೆಗೆದುಕೊಳ್ಳುತ್ತೇವೆ, ಪ್ಯಾಕಿಂಗ್‌ನಲ್ಲಿ ಕುಳಿತು ಮಾಡುವ ಕೆಲಸ, ಸೋಮವಾರ ಕಳಿಸಿ ಎಂದ. ನಿಮ್ಮವ್ವನಿಗೆ ಅದು ದೇವರು ಬಾಗಿಲಿಗೆ ಬಂದಂತೆ ಆಯಿತು. ಅವಳಿಗೆ ಬೈಯಬೇಡ. ಮಗಳು ಊರಲ್ಲಿ ಕಣ್ಣ ಮುಂದೆ ಇರಲಿ ಎಂಬುದೂ ಅವಳಿಗೆ ಇದೆ. ಗಂಡ ಹೋದ ಮನೆಯಲ್ಲಿ ಒಬ್ಬಳೇ ರೊಟ್ಟಿ ಬಡಿಯುವುದು ಅವಳಿಗೆ ಆಗುತ್ತಿಲ್ಲ.

ನಾನು ಶುಕ್ರವಾರ ಸಾಹೇಬನ ಹತ್ತಿರ ಹೋದೆ. ಸಾಹೇಬ್ರ, ಪ್ಯಾಕಿಂಗ್‌ನಲ್ಲಿ ಯಾವ ಟೇಬಲ್ಲು ನಮ್ಮ ಶೀತಲಾಗೆ, ಕಿಡಕಿಯ ಹತ್ತಿರದ್ದು ಕೊಡಿರಿ, ಹುಡುಗಿ ಓದಿದವಳು ಎಂದು ನಗುತ್ತಲೇ ಕೇಳಿದೆ. ನನ್ನ ಜೊತೆ ಮಾತಾಡುವಾಗ ಎಲ್ಲರೂ ಸಡಿಲಾಗುತ್ತಾರೆ, ಅದು ನನಗೆ ಹುಟ್ಟಿದಾಗಿನಿಂದ ಬಂದ ವಿದ್ಯೆ. ಅವನೂ ಸಡಿಲಾದ. ಪ್ಯಾಕಿಂಗ್ ಸದ್ಯ ತುಂಬಿದೆ ಮಾಳು, ಈ ಹಂಗಾಮಿನ ಮಟ್ಟಿಗೆ ಆ ಕೋಣೆಯ ಕೀಲಿ ನೋಡಿಕೊಳ್ಳಲಿ, ಗಂಧಕಕ್ಕೆ ಕಡ್ಡಿ ಗೀರುವುದು, ಬಾಗಿಲು ತೆರೆಯುವುದು, ಭಾರ ಎತ್ತುವುದೇನಿಲ್ಲ, ಹುಡುಗಿಯರೂ ಮಾಡಬಹುದು ಎಂದ. ಹೋಳಿಯ ನಂತರ ಆ ಕೋಣೆಗೆ ಹೋಗಲು ಒಬ್ಬ ಗಂಡಸೂ ಒಪ್ಪಿಲ್ಲ. ಒಣಗಿದ ಮಾಲು ಹೊಗೆಯಿಲ್ಲದೆ ಕಪ್ಪಾಗಿ ಬಿದ್ದಿದೆ. ಜೊತೆಗೆ ನರ್ಸಿಂಗ್ ಓದಿದವಳು, ಅವಳಿಗೆ ಆರೋಗ್ಯದ ತಿಳುವಳಿಕೆಯೂ ಇರುತ್ತದೆ ಎಂದ. ಅವನಿಗೆ ಕೆಟ್ಟ ಉದ್ದೇಶ ಇದ್ದಂತೆ ಕಾಣಲಿಲ್ಲ. ಅವನಿಗೂ ಮೇಲಿನಿಂದ ಯಾರೋ ಮರಾಠಿಯಲ್ಲಿ ಲಗೂನ ಎನ್ನುತ್ತಿರಬೇಕು.

ಈಗ ನಿನ್ನ ಉತ್ತರ.

ಬರಬೇಡ. ನಾನು ಬೇಡ ಎಂದೆನೆಂದಲ್ಲ, ಜಾಗವೇ ಇಲ್ಲ. ನಿಮ್ಮಪ್ಪನ ಜಾಗಕ್ಕೆ ಶುಕ್ರವಾರವೇ ಬೇರೆ ಮನುಷ್ಯನನ್ನು ತೆಗೆದುಕೊಂಡರು. ನಿಮ್ಮವ್ವನಿಗೂ ಇಷ್ಟೇ ಹೇಳಿದ್ದೇನೆ. “ನೀ ಅಲ್ಲೇ ಇದ್ದು ಒಂದ ಜಾಗಾ ಹಿಡದ ಇಡಾಕ ಆಗಲಿಲ್ಲೇನೋ, ಬಾಯಿ ಮಾತ್ರ ಊರಗಲ” ಎಂದು ಹಿಡಿಶಾಪ ಹಾಕಿದಳು. ಹಾಕಲಿ. ಆ ಮನುಷ್ಯ ಗಟ್ಟಿಗ. ಕೀಲಿ ಮುಟ್ಟುವ ಮೊದಲು ಸಾಹೇಬನ ಬಾಯಿಂದ ಎಲ್ಲರ ಎದುರಿಗೆ ಎರಡು ಮಾತು ಆಡಿಸಿದ. ಪಂಖಾ ತಿರುಗದೆ ಗಂಧಕಕ್ಕೆ ಕಡ್ಡಿ ಗೀರುವುದಿಲ್ಲ. ಬಾಗಿಲು ತೆರೆದ ಮೇಲೆ ನೊಣ ಒಳಗೆ ಹೋಗಿ ಬೇದಾಣಿಯ ಮೇಲೆ ಕೂಡ್ರುವವರೆಗೆ ಮನುಷ್ಯ ಒಳಗೆ ಹೋಗುವುದಿಲ್ಲ. ಸಾಹೇಬ ಗಡಿಯಾರ ತೋರಿಸಿದನಂತೆ. ಆ ಮನುಷ್ಯ, ಗಡಿಯಾರಕ್ಕೆ ನೀವು ಲಗೂನ ಎನ್ನಬಹುದು, ನೊಣಕ್ಕೆ ಅನ್ನಲು ಬರುವುದಿಲ್ಲ ಎಂದನಂತೆ. ಹೊಗೆ ತಡೆಯುವ ಖರೆ ಮಾಸ್ಕು ಯಾವುದು, ಹೆಸರೇನು, ಎಲ್ಲಿ ಸಿಗುತ್ತದೆ ಎಂಬುದನ್ನು ನೀನು ನಿಮಗೆ ಕಲಿಸುವವರನ್ನು ಕೇಳಿ ದಪ್ಪ ಅಕ್ಷರದಲ್ಲಿ ಬರೆದು ಕಳಿಸು. ಅವನಿಗೆ ತಲುಪಿಸುತ್ತೇನೆ.

ನೀನು ಅಲ್ಲಿಯೇ ಇದ್ದು ಓದು. ಮನೆಯ ಚಿಂತೆ ಬಿಡು. ನಿಮ್ಮವ್ವನ ಹತ್ತಿರ ನಾನು ದಿನಾ ಊಟಕ್ಕೆ ಹೋಗಿ ಬೈಸಿಕೊಂಡು ಬರುತ್ತೇನೆ, ಅವಳಿಗೂ ಹೊತ್ತು ಹೋಗುತ್ತದೆ. ಪರೀಕ್ಷೆ ಮುಗಿಯುವವರೆಗೆ ಈ ಕಡೆ ಬರಬೇಡ. ಬಂದರೂ ಆ ರಬ್ಬರಿನ ಕೊಳವೆ ತಂದು ನನ್ನ ಎದೆಗೆ ಹಚ್ಚಬೇಡ. ನಿಮ್ಮ ಮಾವನ ಎದೆ ಜತ್ ತಾಲೂಕಿನಲ್ಲಿಯೇ ಗಟ್ಟಿ ಎದೆ. ದಿನಾ ನಗುವವನಿಗೆ ಏನಾಗುತ್ತದೆ?

ನಗುತ್ತಾ ಇರು ಎಂದು ಬರೆಯಬೇಕಿತ್ತು, ರೂಢಿಯಿಂದ ಕೈ ಅಲ್ಲಿಗೇ ಹೋಯಿತು. ಬೇಡ. ನಿನಗೆ ಹೇಗೆ ಬರುತ್ತದೋ ಹಾಗೆ ಇರು.

ನಿನ್ನ ಸೋದರಮಾವ,
ಮಾಳು
(ಏಳನೆಯ ಇಯತ್ತೆ, ಪಾಸ್)

ತಾ.ಕ.: ಆ ಮನುಷ್ಯ ಯಾರು ಎಂದು ನೀನು ಕೇಳದೆ ಬಿಡುವವಳಲ್ಲ. ನಾನೇ. ನಾಳೆಯಿಂದ ಕೀಲಿ ನನ್ನ ಹತ್ತಿರ. ಪಂಖಾದ ಮೋಟಾರು ಇನ್ನೂ ಬಂದಿಲ್ಲ, ಬರುತ್ತದಂತೆ. ಬರುವವರೆಗೆ ಕಡ್ಡಿ ಗೀರುವುದಿಲ್ಲ, ಇದನ್ನು ಜಂಬಕ್ಕೆ ಬರೆದದ್ದಲ್ಲ. ನಿಮ್ಮವ್ವನಿಗೆ ಹೇಳಬೇಡ. ಗಂಧಕದ ವಾಸನೆ ತಡೆಯದವರು ಆ ಕೆಲಸಕ್ಕೆ ಆಗುವುದಿಲ್ಲ, ನನಗೋ ಆ ವಾಸನೆ ಬರುವುದೇ ಇಲ್ಲ ಎಂದಾಗ ಸಾಹೇಬ ಕೂಡಲೇ ಒಪ್ಪಿದ. ನಿಮ್ಮಪ್ಪನನ್ನು ಹೊತ್ತು ತಂದ ದಿನದಿಂದ ನನಗೆ ಯಾವ ವಾಸನೆಯೂ ಬರುತ್ತಿಲ್ಲ. ಕಾಗದದ ಜೊತೆ ಟೆಂಪೋ ಕಲ್ಮೇಶನ ಕೈಯಲ್ಲಿ ಕಳಿಸಿದ ಡಬ್ಬಿಯಲ್ಲಿ ನಿಮ್ಮವ್ವ ಕಾಸಿದ ತುಪ್ಪ ಇದೆ. ಕಮಟು ವಾಸನೆ ಬಂದಿದೆಯೇನೋ ನೋಡು ಎಂದು ನನ್ನ ಮೂಗಿಗೆ ಹಿಡಿದಳು. ಚಲೋ ಐತಿ ಎಂದುಬಿಟ್ಟೆ. ನೀನು ತಿನ್ನುವ ಮೊದಲು ಒಮ್ಮೆ ಮೂಸಿ ನೋಡು.